ವೃದ್ಧಾಲಯ ಮುಚ್ಚಿದ ಚಳಿಗಾಲ

ಕಳೆದ ಅಕ್ಟೋಬರಿನಲ್ಲಿ ಗೆಳತಿಯ ಮನೆಯ ಗೃಹಪ್ರವೇಶಕ್ಕೆಂದು, ಶಿಕಾಗೊ ಹತ್ತಿರ ನಾವೀಗಿರುವ ಪ್ಲೇನ್‌ಫೀಲ್ಡಿನಿಂದ ಡೆಟ್ರಾಯ್ಟ್ ಕಡೆಗೆ ಹೋಗಿದ್ದೆವು. ಊಟ ಮುಗಿಸಿ ವಾಪಸು ಹೊರಟಾಗ ನನ್ನ ಗಂಡ ಮೋಹನ ಒಂದು ಮಾತೂ ಆಡದೆ ಸೌತ್‌ಫೀಲ್ಡಿನ ಎಕ್ಸಿಟ್ ತೆಗೆದುಕೊಂಡ.

"ಒಂದ್ಸಲ ನೋಡ್ಕೊಂಡು ಹೋಗೋಣ ಅನ್ಸಲ್ವಾ ನಿಂಗೆ?" ಎಂದು ಕೇಳಿದ. ಬೇಡ ಎನ್ನುವಷ್ಟರಲ್ಲಿ ಕಾರು ನಿಂತೇಬಿಟ್ಟಿತ್ತು.

ನಾನು ನಾಲ್ಕು ವರ್ಷ ಕೆಲಸ ಮಾಡಿದ ಯಹೂದಿ ವೃದ್ಧಾಲಯದ ಕಟ್ಟಡ ಈಗ ಬಾಡಿಗೆಯ ಗೋದಾಮು. ಮನೆಯಲ್ಲಿ ಹಿಡಿಸದ ಸಾಮಾನುಗಳನ್ನು ಜನ ಅಲ್ಲಿ ತಂದು ಬೀಗ ಹಾಕಿ ಇಡುತ್ತಾರೆ. ವಾಸದ ಕೋಣೆಗಳ ಕಿಟಕಿಗಳನ್ನು ಇಟ್ಟಿಗೆ ಹಾಕಿ ಮುಚ್ಚಿದ್ದರು. ಹಿಂಬದಿಯಲ್ಲಿ, ಅಡುಗೆಮನೆಗೆ ತರಕಾರಿ ಲಾರಿ ಬರುತ್ತಿದ್ದ ಕಡೆ, ಒಬ್ಬಾತ ಹಳೆಯ ಸೋಫಾ ಇಳಿಸುತ್ತಿದ್ದ. ಅವನು ಬಾಗಿಲು ತೆರೆದಾಗ ಬೇಯುತ್ತಿರುವ ಈರುಳ್ಳಿಯ ವಾಸನೆ ಬಂದಂತಾಯಿತು. ಬಂದಿರಲು ಸಾಧ್ಯವೇ ಇಲ್ಲ. ಆದರೆ ಅಷ್ಟು ಸಾಕಾಯಿತು, ಆ ಚಳಿಗಾಲ ಇಡಿಯಾಗಿ ಎದ್ದು ಬಂತು.

ಕಾರು ಕಂಪನಿಗಳು ಒಂದರ ಹಿಂದೊಂದು ನೆಲ ಕಚ್ಚುತ್ತಿದ್ದ ರಿಸೆಷನ್ ವರ್ಷ ಅದು. ಮೋಹನ ಕಾರಿನ ಸೀಟುಗಳ ಯಂತ್ರಭಾಗ ವಿನ್ಯಾಸ ಮಾಡುವ ಒಂದು ಸಣ್ಣ ಕಂಪನಿಯಲ್ಲಿದ್ದ, ದಿನಾ ಡಿಯರ್‌ಬಾರ್ನ್‌ಗೆ ಡ್ರೈವ್ ಮಾಡುತ್ತಿದ್ದ. ಆಗಸ್ಟಿನಲ್ಲಿ ಒಂದು ಸೋಮವಾರ ಬೆಳಗ್ಗೆ ಹತ್ತಕ್ಕೇ ಮನೆಗೆ ಬಂದ, ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ನಮ್ಮ ಸಬ್‌ಡಿವಿಷನ್ನಿನಲ್ಲಿ ಆಗಲೇ, ಸಾಲ ಕಟ್ಟಲಾಗದೆ ಜನ ಬಿಟ್ಟುಹೋದ ಆರೇಳು ಮನೆಗಳ ಮುಂದೆ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಕೆಲಸ ಹೋದದ್ದರಿಂದ ಅವನ ವೀಸಾವೂ ಹೋಯಿತು. ಅವನೂ ನಮ್ಮ ಮಗಳು ಅನಘಳೂ ನನ್ನ ವೀಸಾದ ಮೇಲೆ ಉಳಿಯಬೇಕಾಯಿತು. ನನ್ನ ವೀಸಾ ಉಳಿದದ್ದು ವೃದ್ಧಾಲಯದ ಕೆಲಸದಿಂದ. ಮೈಸೂರಿನಲ್ಲಿ ಆಹಾರ ವಿಜ್ಞಾನ ಓದಿ, ಇಲ್ಲಿ ಮತ್ತೆ ಪರೀಕ್ಷೆ ಪಾಸು ಮಾಡಿ, ಅಲ್ಲಿ ಡಯಟೀಷಿಯನ್ ಆಗಿದ್ದೆ. ಯಾರು ಏನು ತಿನ್ನಬಹುದು, ಯಾರು ನುಂಗಲಾರರು, ಯಾರು ತಿನ್ನುವುದನ್ನೇ ಬಿಟ್ಟಿದ್ದಾರೆ ಎಂದು ನೋಡಿಕೊಳ್ಳುವುದು ನನ್ನ ಕೆಲಸ.

ಅಲ್ಲಿ ಎರಡು ಅಡುಗೆಮನೆಗಳಿದ್ದವು. ಮಾಂಸದ್ದೊಂದು, ಹಾಲಿನದೊಂದು. ಅವರ ಕೋಶರ್ ನಿಯಮದಲ್ಲಿ ಇವೆರಡೂ ಒಂದನ್ನೊಂದು ಮುಟ್ಟುವಂತಿಲ್ಲ. ಪಾತ್ರೆ, ಚಮಚ, ತೊಳೆಯುವ ಬಚ್ಚಲು, ಒರೆಸುವ ಬಟ್ಟೆ, ಎಲ್ಲ ಬೇರೆ ಬೇರೆ. ಮಡಿ ಮುಸುರೆಯ ಮನೆಯಲ್ಲಿ ಬೆಳೆದ ನನಗೆ ಅದು ಒಂದೇ ವಾರದಲ್ಲಿ ಅರ್ಥವಾಯಿತು. ಆ ನಿಯಮ ಕಾಯಲು ಮೋಶೆ ಎಂಬವನಿದ್ದ. ನಲವತ್ತರ ಆಸುಪಾಸಿನ, ಕೆಂಪು ಗಡ್ಡದ, ಮಾತು ಕಡಿಮೆಯ ಮನುಷ್ಯ. ಬೆಳಗ್ಗೆ ಒಲೆ ಹಚ್ಚುತ್ತಿದ್ದವನು ಅವನೇ. ಅವನು ನೋಡಿ ಒಪ್ಪದ ಒಂದು ಕೋಸುಗಡ್ಡೆಯೂ ಒಳಗೆ ಬರುತ್ತಿರಲಿಲ್ಲ.

ಆ ಮನೆಯ ಕಥೆಯನ್ನು ನನಗೆ ಹೇಳಿದವರು ಮಿಸೆಸ್ ಗೆಲ್ಲರ್. ತೊಂಬತ್ತನಾಲ್ಕು ವರ್ಷ, ಕಣ್ಣು ಮಂಜು, ಕಿವಿ ಚುರುಕು, ನಾಲಗೆ ಅದಕ್ಕಿಂತ ಚುರುಕು. ಯುದ್ಧದ ಕಾಲದಿಂದ ಮೂವತ್ತು ವರ್ಷ ಕಾರಿನ ಸೀಟಿಗೆ ಬಟ್ಟೆ ಹೊಲಿದವರು. ಗಂಡ ಬೇಗ ಹೋಗಿದ್ದ, ಮಕ್ಕಳಿರಲಿಲ್ಲ. ಶಿಕಾಗೊ ಪಕ್ಕದ ಸ್ಕೋಕಿಯಲ್ಲಿ ಒಬ್ಬ ತಂಗಿಯ ಮಗ, ಅವನಿಗೂ ಎಪ್ಪತ್ತು ದಾಟಿ ವಾರಕ್ಕೆ ಮೂರು ದಿನ ಡಯಾಲಿಸಿಸ್. ನಾನು ಸಸ್ಯಾಹಾರಿ ಎಂದು ಗೊತ್ತಾದ ದಿನದಿಂದ ನನ್ನನ್ನು ರೇಗಿಸುತ್ತಿದ್ದರು.

"ಕೋಳಿ ಸಾರಿಗೆ ಉಪ್ಪು ಸಾಲದು. ನಿಂಗೆಲ್ಲಿ ಗೊತ್ತಾಗಬೇಕು, ರುಚಿ ನೋಡದ ಅಡುಗೆಯವಳು!"

"ನಿಮ್ಮ ಬಿಪಿ ನೋಡಿ ಉಪ್ಪು ಹಾಕ್ಸೋದು ಮಿಸೆಸ್ ಗೆಲ್ಲರ್."

"ನನ್ನ ಬಿಪಿ ನೋಡಿದ ಡಾಕ್ಟರುಗಳಲ್ಲಿ ಮೂರು ಜನ ಸತ್ತಿದಾರೆ."

ಮಧ್ಯಾಹ್ನದ ಊಟದ ಹೊತ್ತು ಅವರ ಪಕ್ಕ ಕೂತರೆ ಎರಡು ತುತ್ತು ಹೆಚ್ಚು ತಿನ್ನುತ್ತಾರೆಂದು ನಾನು ಅಲ್ಲೇ ಕೂರುತ್ತಿದ್ದೆ. ತುತ್ತುಗಳ ನಡುವೆ ಕಥೆ ಬರುತ್ತಿತ್ತು.

ಅವರು ಐದು ವರ್ಷದ ಹುಡುಗಿಯಾಗಿದ್ದಾಗ ಡೆಟ್ರಾಯ್ಟಿನಲ್ಲಿ ಚಿಂದಿ ಬಟ್ಟೆ ಮಾರುವ ಒಬ್ಬ ಮುದುಕನಿದ್ದನಂತೆ. ಗಾಡಿ ಎಳೆಯಲಾಗದೆ ಬಿದ್ದಾಗ ಅವನನ್ನು ಸರಕಾರದ ಬಡವರ ಮನೆಗೆ ಹಾಕಿದರು. ಅಲ್ಲಿ ಹಂದಿ ಕೊಬ್ಬಿನಲ್ಲಿ ಬೇಯಿಸಿದ ಅಡುಗೆ. ಅವನು ಅದನ್ನು ಮುಟ್ಟಲಿಲ್ಲ. ಬ್ರೆಡ್ಡು, ಹಸಿ ಈರುಳ್ಳಿ ತಿಂದು ಒಂದು ಚಳಿಗಾಲ ಬದುಕಿದ, ಆಮೇಲೆ ಸತ್ತ. ಹೆಣಕ್ಕೆ ಸ್ನಾನ ಮಾಡಿಸಲು ಸಮುದಾಯದಿಂದ ಹೋದ ನಾಲ್ವರಲ್ಲಿ ಮಿಸೆಸ್ ಗೆಲ್ಲರ್ ಅವರ ತಂದೆಯೂ ಒಬ್ಬರು. ಎತ್ತಲು ನಾಲ್ಕು ಜನ ಬೇಕಾಗಲೇ ಇಲ್ಲವಂತೆ.

"ಅಪ್ಪ ಮನೆಗೆ ಬಂದು ಊಟಕ್ಕೆ ಕೂತ. ಕೂತ, ಎದ್ದ. ತಿನ್ನಲಿಲ್ಲ. ಅಮ್ಮ ಯಾಕೆ ಅಂತ ಕೇಳಿದಳು, ಅಪ್ಪ ಹೇಳಿದ. ಆ ವಾರವೇ ಬೀದಿಯ ಹೆಂಗಸರೆಲ್ಲ ಸೇರಿ ಒಂದು ಮನೆ ಬಾಡಿಗೆಗೆ ಹಿಡಿದರು. ಪ್ರತಿಯೊಬ್ಬಳೂ ತನ್ನ ಮನೆಯಿಂದ ಎರಡು ತಟ್ಟೆ ತರಬೇಕು. ಒಂದು ಹಾಲಿಗೆ, ಒಂದು ಮಾಂಸಕ್ಕೆ. ನಾನು ನಮ್ಮ ತಟ್ಟೆಗಳನ್ನ ತೊಡೆ ಮೇಲೆ ಇಟ್ಕೊಂಡು ಟ್ರಾಮಿನಲ್ಲಿ ಹೋದೆ. ಒಡೆದರೆ ಕೊಲ್ತೀನಿ ಅಂದಿದ್ದಳು ಅಮ್ಮ."

ಹಾಗೆ ಆರು ಮುದುಕರಿಂದ ಶುರುವಾದ ಮನೆ ಅದು. ಆಮೇಲೆ ದೊಡ್ಡ ಕಟ್ಟಡವಾಯಿತು. ಜನ ನಗರ ಬಿಟ್ಟು ಎಯ್ಟ್ ಮೈಲ್ ರಸ್ತೆ ದಾಟಿ ಉಪನಗರಗಳಿಗೆ ಹೋದಂತೆ ಮನೆಯೂ ಅವರ ಹಿಂದೆಯೇ ಬಂತು. ಯುರೋಪಿನ ನಾಜಿ ಶಿಬಿರಗಳಲ್ಲಿ ಬದುಕಿ ಉಳಿದವರು ಬಂದರು, ತೋಳಿನ ಮೇಲೆ ಸಂಖ್ಯೆ ಇದ್ದವರು. ಅಂಥವರಲ್ಲಿ ಮೂವರು ನಾನಿದ್ದಾಗಲೂ ಇದ್ದರು. ಅವರಲ್ಲೊಬ್ಬರು ಪ್ರತಿ ಊಟದ ನಂತರ ಬ್ರೆಡ್ಡಿನ ತುಂಡೊಂದನ್ನು ಕರವಸ್ತ್ರದಲ್ಲಿ ಸುತ್ತಿ ಒಯ್ಯುತ್ತಿದ್ದರು. ಒಯ್ಯಲಿ ಬಿಡಿ ಎಂದು ನರ್ಸುಗಳಿಗೆ ನಾನು ಬರೆದುಕೊಟ್ಟಿದ್ದೆ.

ಅಕ್ಟೋಬರ್ ಕೊನೆಯಲ್ಲಿ ನಮ್ಮನ್ನೆಲ್ಲ ಊಟದ ಹಾಲ್‌ಗೆ ಕರೆದರು. ಆಡಳಿತಾಧಿಕಾರಿ ಡೇವಿಡ್ ಕಾಗದ ನೋಡಿಕೊಂಡು ಓದಿದ. ಮನೆಯನ್ನು ಪೋಷಿಸುತ್ತಿದ್ದ ಕುಟುಂಬಗಳು ಕಾರು ಮಾರುವವರು, ಬಿಡಿಭಾಗ ಮಾಡುವವರು. ಅವರೇ ಮುಳುಗಿದ್ದಾರೆ. ಜನವರಿ ಕೊನೆಗೆ ಮನೆ ಮುಚ್ಚುತ್ತದೆ. ಎಲ್ಲರಿಗೂ ಬೇರೆ ಜಾಗ ಹುಡುಕಿಕೊಡುತ್ತೇವೆ. ಓದಿ ಮುಗಿಸಿದ ಮೇಲೆ ಅವನು ಕಾಗದ ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ. ಅವನ ಅಜ್ಜಿ ಸತ್ತದ್ದು ಇದೇ ಮನೆಯ ಎರಡನೆಯ ಮಹಡಿಯಲ್ಲಿ.

ಯಾರೂ ಕೂಗಾಡಲಿಲ್ಲ. ಗಾಲಿಕುರ್ಚಿಯಲ್ಲಿದ್ದ ಒಬ್ಬರು ಪಕ್ಕದವರನ್ನು, "ಏನಂದ? ಇವತ್ತು ಸೂಪ್ ಇಲ್ವಂತಾ?" ಎಂದು ಕೇಳಿದರು.

ಮಿಸೆಸ್ ಗೆಲ್ಲರ್ ಮಾತ್ರ ಡೇವಿಡ್‌ನನ್ನು ಹೆಸರು ಹಿಡಿದು ಕರೆದರು. "ನಾನು ಇಲ್ಲಿಗೆ ಬಂದಾಗ ನೀವು ಹೇಳಿದ್ದು ಇಲ್ಲಿಂದ ಹೋಗೋದು ಒಂದೇ ಸಲ ಅಂತ."

"ಹೇಳಿದ್ವಿ," ಎಂದ ಡೇವಿಡ್.

ಆ ಸಂಜೆ ನಾನು ಮನೆಗೆ ಬಂದಾಗ ಮೋಹನ ಲ್ಯಾಪ್‌ಟಾಪ್ ಮುಂದಿದ್ದ. ವಿಷಯ ಹೇಳಿದೆ. ಅವನು ಲ್ಯಾಪ್‌ಟಾಪ್ ಮುಚ್ಚಿದ.

"ಜನವರಿ ಒಳಗೆ ನಿಂಗೆ ಬೇರೆ ಕಡೆ ಸಿಗ್ಲಿಲ್ಲ ಅಂದ್ರೆ ನಾವು ವಾಪಸ್ ಹೋಗ್ಬೇಕಾಗತ್ತೆ, ಅಲ್ವಾ?"

"ನೀನು ಅಪ್ಲೈ ಮಾಡಿದ್ದು ಏನಾಯ್ತು?"

"ನಲವತ್ತು ಕಡೆ ಮಾಡಿದೀನಿ ಸುಮಾ. ಒಬ್ರೂ ಫೋನ್ ಮಾಡಿಲ್ಲ."

ಒಳಗಿನಿಂದ ಅನಘಾ ಕೂಗಿದಳು, "ಆರ್ ವಿ ಮೂವಿಂಗ್, ಅಮ್ಮಾ?"

ನವೆಂಬರಿನಿಂದ ನನ್ನ ಕೆಲಸ ಬದಲಾಯಿತು. ಹೊರಡುವ ಪ್ರತಿಯೊಬ್ಬರಿಗೂ ಒಂದು ಊಟದ ಹಾಳೆ ಬರೆದು ಕಳಿಸಬೇಕು. ಹೊಸ ಜಾಗದವರಿಗೆ ಗೊತ್ತಾಗಲೆಂದು. ನಮೂನೆಯಲ್ಲಿ ಇದ್ದದ್ದು ಸಕ್ಕರೆ, ಉಪ್ಪು, ನುಂಗುವ ತೊಂದರೆ, ಇಷ್ಟೇ. ನಾನು ಹಿಂಬದಿಯನ್ನೂ ತುಂಬಿಸಿದೆ. ಎಡಗಡೆಯಿಂದ ತಿನ್ನಿಸಿ, ಬಲಗಣ್ಣು ಕಾಣದು. ಚಹಾ ಲೋಟದಲ್ಲೇ ಕೊಡಿ, ಕಪ್ಪಿನಲ್ಲಿ ಕೊಟ್ಟರೆ ಕುಡಿಯುವುದಿಲ್ಲ. ಬ್ರೆಡ್ಡು ಕರವಸ್ತ್ರದಲ್ಲಿ ಸುತ್ತಿಕೊಂಡರೆ ಕಿತ್ತುಕೊಳ್ಳಬೇಡಿ.

ಒಬ್ಬೊಬ್ಬರಾಗಿ ಹೋದರು. ಮಕ್ಕಳಿದ್ದವರು ಮೊದಲು. ಶಿಕಾಗೊಗೆ, ಕ್ಲೀವ್‌ಲ್ಯಾಂಡಿಗೆ, ಫ್ಲಾರಿಡಾಕ್ಕೆ. ಊರಲ್ಲಿ ಉಳಿದಿದ್ದ ಇನ್ನೊಂದು ಸಣ್ಣ ಯಹೂದಿ ಮನೆ ಬೇಗ ಭರ್ತಿಯಾಯಿತು. ಡಿಸೆಂಬರಿನಲ್ಲಿ ಮಾಂಸದ ಅಡುಗೆಮನೆ ನಿಂತಿತು. ಊಟದ ಹಾಲ್‌ನಲ್ಲಿ ಮೇಜುಗಳನ್ನು ಒಂದು ಮೂಲೆಗೆ ಜೋಡಿಸಿ, ಉಳಿದ ಕಡೆ ದೀಪ ಆರಿಸುತ್ತಿದ್ದರು. ಹೊರಗೆ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗಿನ ಚಳಿ, ಪಾರ್ಕಿಂಗಿನ ಹಿಮವನ್ನು ತೆಗೆಯಲು ಯಾರೂ ಬರುತ್ತಿರಲಿಲ್ಲ.

ನಾನು ಆಗ ಪ್ರತಿ ಶುಕ್ರವಾರ, ಹೋದವರ ಹೊಸ ಜಾಗಗಳಿಗೆ ಫೋನ್ ಮಾಡುತ್ತಿದ್ದೆ. ಸೇರಿಕೊಂಡಿದ್ದಾರಾ, ಊಟ ಮಾಡ್ತಿದಾರಾ ಎಂದು ಕೇಳಲು. ಮೂರನೆಯ ಶುಕ್ರವಾರ, ನಮ್ಮಲ್ಲಿಂದ ಹೋದ ಒಬ್ಬರನ್ನು ವಿಚಾರಿಸಿದ್ದಕ್ಕೆ ಕ್ಲೀವ್‌ಲ್ಯಾಂಡಿನ ನರ್ಸ್, "ಅವರು ಈಗಿಲ್ಲ," ಎಂದಳು. ಎಲ್ಲಿಗೆ ಹೋದರು ಎಂದು ನಾನು ಕೇಳಿದೆ, ದಡ್ಡಿ. ಆಮೇಲೆ ಆ ಮಾತು ಪ್ರತಿ ವಾರ ಒಂದು ಕಡೆಯಿಂದಲಾದರೂ ಬಂತು. ವಯಸ್ಸಾದ ಮರ ಕಿತ್ತು ನೆಟ್ಟರೆ ಚಿಗುರುವುದಿಲ್ಲವೆಂದು ಎಲ್ಲರಿಗೂ ಗೊತ್ತು. ನಮಗೂ ಗೊತ್ತಿತ್ತು.

ಜನವರಿ ಮೂರನೆಯ ವಾರಕ್ಕೆ ಉಳಿದವರು ನಾಲ್ವರು. ಕೊನೆಗೆ ಮಿಸೆಸ್ ಗೆಲ್ಲರ್ ಒಬ್ಬರೇ. ಸ್ಕೋಕಿಯ ಯಹೂದಿ ವೃದ್ಧಾಲಯದಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಅವರಿಗೆ ಸಿಕ್ಕಿದ್ದು ನಮ್ಮಲ್ಲಿಂದ ನಲವತ್ತು ಮೈಲಿ ಪಶ್ಚಿಮಕ್ಕೆ, ಮೆಕ್ಕೆಜೋಳದ ಹೊಲಗಳ ನಡುವೆ ಇದ್ದ ಒಂದು ಸಾಮಾನ್ಯ ನರ್ಸಿಂಗ್ ಹೋಮ್. ಅಲ್ಲಿ ಒಬ್ಬ ಯಹೂದಿಯೂ ಇರಲಿಲ್ಲ.

ಡೇವಿಡ್ ನನ್ನನ್ನು ಕರೆದ. ಅವನ ಕೋಣೆಯಲ್ಲಿ ಗೋಡೆಯ ಚಿತ್ರಗಳನ್ನೆಲ್ಲ ಇಳಿಸಿಟ್ಟಿದ್ದರು. ಮೇಜಿನ ಮೇಲೆ ಒಂದು ಫಾರಂ. ಈ ವ್ಯಕ್ತಿಗೆ ಬೇಕಾದ ಆಹಾರವನ್ನು ಹೊಸ ಜಾಗದಲ್ಲಿ ಕೊಡಲು ಸಾಧ್ಯ ಎಂದು ಡಯಟೀಷಿಯನ್ ದೃಢೀಕರಿಸಬೇಕು.

"ಅಲ್ಲಿ ಕೋಶರ್ ಅಡುಗೆಮನೆ ಇಲ್ಲ," ಎಂದೆ.

"ಸೀಲ್ ಮಾಡಿದ ಕೋಶರ್ ಊಟ ತರಿಸ್ತಾರಂತೆ. ಫ್ರೋಜನ್."

"ಬೇರೆಯವರ ಒಲೆಯಲ್ಲಿ ಬಿಸಿ ಮಾಡಿದ್ದನ್ನ ಅವರು ತಿನ್ನಲ್ಲ ಡೇವಿಡ್. ನಿಮಗೂ ಗೊತ್ತು."

ಅವನು ಕಣ್ಣುಜ್ಜಿಕೊಂಡ. "ಶುಕ್ರವಾರ ಈ ಕಟ್ಟಡದ ಹೀಟಿಂಗ್ ಆಫ್ ಆಗತ್ತೆ. ನೀನು ಸೈನ್ ಮಾಡದೆ ಇದ್ರೆ ಅವರನ್ನ ಎಲ್ಲಿ ಮಲಗಿಸ್ಲಿ, ಹೇಳು."

ನಾನು ಫಾರಂ ಕೈಗೆತ್ತಿಕೊಂಡೆ. ಶಿಕಾಗೊ ಕಡೆಯ ಒಂದು ಆಸ್ಪತ್ರೆಗೆ ನನ್ನ ಬಗ್ಗೆ ಫೋನ್ ಮಾಡಿ ಹೇಳುತ್ತೇನೆಂದು ಅವನು ಹಿಂದಿನ ವಾರವಷ್ಟೇ ಮಾತು ಕೊಟ್ಟಿದ್ದ. ಆ ಮಾತನ್ನು ಅವನು ಆಗ ಎತ್ತಲಿಲ್ಲ, ನೆನಪಿಸಲೂ ಇಲ್ಲ. ಆದರೆ ನನಗೆ ನೆನಪಿತ್ತು. ನಾನು ಫಾರಂ ಪೂರ್ತಿ ಓದಿದೆ, ಸೈನ್ ಮಾಡಿದೆ.

ಗುರುವಾರ ಬೆಳಗ್ಗೆ ವ್ಯಾನ್ ಬಂತು. ಮಿಸೆಸ್ ಗೆಲ್ಲರ್ ತಮ್ಮ ಒಳ್ಳೆಯ ಕೋಟು ಹಾಕಿಕೊಂಡು, ತುಟಿಗೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದರು. ಮೋಶೆ ಅವರ ಗಾಲಿಕುರ್ಚಿ ತಳ್ಳಿದ. ಬಾಗಿಲಲ್ಲಿ ಅವರು ಕೈಯೆತ್ತಿ ನಿಲ್ಲಿಸಿ, "ಹಿಂದಕ್ಕೆ ತಿರುಗಿಸು," ಎಂದರು. ತಿರುಗಿಸಿದ. ಉದ್ದನೆಯ ಖಾಲಿ ಮೊಗಸಾಲೆಯನ್ನು, ಎಷ್ಟು ಕಂಡಿತೋ ಅಷ್ಟನ್ನು, ನೋಡಿದರು. "ಸರಿ," ಎಂದರು.

ಹತ್ತು ದಿನದ ನಂತರ ನಾನು ನೋಡಲು ಹೋದೆ. ಮೂವರಿದ್ದ ಕೋಣೆ, ಟಿವಿ ಜೋರಾಗಿ ಓಡುತ್ತಿತ್ತು. ಅವರ ಮುಂದೆ ಪ್ಲಾಸ್ಟಿಕ್ ಹಾಳೆ ಹೊದ್ದ ಟ್ರೇ ಇತ್ತು. ಬೆರಳಿಟ್ಟು ನೋಡಿದೆ, ಅಂಚು ಬಿಸಿ, ನಡುವೆ ಇನ್ನೂ ಮಂಜುಗಡ್ಡೆ. ನಾನು ಬರೆದುಕೊಟ್ಟಿದ್ದ ಹಾಳೆ ಕಡತದಲ್ಲಿತ್ತು, ಹಿಂಬದಿಯನ್ನು ಯಾರೂ ತಿರುಗಿಸಿದ ಹಾಗಿರಲಿಲ್ಲ. ಅಲ್ಲಿಯ ಸಹಾಯಕಿ ಒಳ್ಳೆಯ ಹುಡುಗಿಯೇ. ಮೂವತ್ತು ಜನರಿಗೆ ಅವಳೊಬ್ಬಳೇ.

"ಏನು ತಿಂತಿದೀರಿ?" ಎಂದು ಕೇಳಿದೆ.

"ಬಾಳೆಹಣ್ಣು. ಸಿಪ್ಪೆ ಸಮೇತ ಬೇಯಿಸಿದ ಮೊಟ್ಟೆ. ಸಿಪ್ಪೆ ಒಳಗಿರೋದನ್ನ ಯಾರೂ ಮುಟ್ಟೋಕಾಗಲ್ಲ."

ಅವರ ಮುಂಗೈ ಹಿಡಿದು ನೋಡಿದೆ. ನನ್ನ ಹೆಬ್ಬೆರಳು ತೋರುಬೆರಳು ಸುತ್ತ ಕೂಡಿ, ಇನ್ನೂ ಜಾಗ ಉಳಿಯಿತು.

ಆ ದಿನದಿಂದ ನಾನು ಸ್ಕೋಕಿಗೆ ದಿನಾ ಫೋನ್ ಮಾಡಿದೆ. ಅವರ ತಂಗಿಯ ಮಗನಿಂದಲೂ ಮಾಡಿಸಿದೆ. ಶಿಕಾಗೊ ಆಸ್ಪತ್ರೆಯಿಂದ ನನಗೆ ಕೆಲಸದ ಪತ್ರ ಬಂತು. ಮೋಹನ ಆ ದಿನ ಪಾಯಸ ಮಾಡಿದ, ನಾನು ತಿಂದೆ. ವಾರಕ್ಕೆರಡು ಸಲ ಮೋಶೆ ತನ್ನ ಹೆಂಡತಿ ಮಾಡಿದ ಸಾರನ್ನು ಫ್ಲಾಸ್ಕಿನಲ್ಲಿ ತರುತ್ತಿದ್ದ, ನಾನು ಒಯ್ಯುತ್ತಿದ್ದೆ. ಮೂರು ಚಮಚ, ನಾಲ್ಕು ಚಮಚ. ಹಿಮ ಬಿದ್ದ ದಿನ ಹೋಗಲಾಗುತ್ತಿರಲಿಲ್ಲ. ಮಾರ್ಚ್ ಮೊದಲ ವಾರ ಸ್ಕೋಕಿಯಿಂದ ಕರೆ ಬಂತು: ಒಂದು ಹಾಸಿಗೆ ಖಾಲಿಯಾಗಿದೆ, ಸೋಮವಾರ ಕರೆತನ್ನಿ.

ನಾನು ಕಾರಿನಲ್ಲಿ ಹಾಡು ಹೇಳಿಕೊಂಡು ಹೋದೆ. ಮಿಸೆಸ್ ಗೆಲ್ಲರ್ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಹೇಳಿದೆ. ನಾನೇ ಡ್ರೈವ್ ಮಾಡ್ಕೊಂಡು ಹೋಗ್ತೀನಿ, ಐದೇ ಗಂಟೆ ದಾರಿ, ಅಲ್ಲಿ ಎರಡು ಅಡುಗೆಮನೆ ಇದೆ, ಎಂದೆಲ್ಲ ಹೇಳಿದೆ. ಅವರು ಕೇಳಿಸಿಕೊಂಡರು.

"ಇಲ್ಲ," ಎಂದರು. "ಒಂದು ಸಲ ಹೊರಡಿಸಿದ್ದು ಸಾಕು."

"ಅಲ್ಲಿ ನಿಮ್ಮ ಊಟ ಸಿಗತ್ತೆ."

"ನಂಗೆ ಈಗ ಹಸಿವಿಲ್ಲ ಮಗಳೇ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಕೇಳಿದರು. "ನನ್ನನ್ನ ಇಲ್ಲಿಗೆ ಕಳಿಸೋ ಕಾಗದಕ್ಕೆ ಒಬ್ಬರು ಸೈನ್ ಮಾಡ್ಬೇಕಿತ್ತಂತೆ. ಯಾರು, ನೀನಾ?"

"ಹೌದು."

"ಓದಿ ಮಾಡಿದೆಯಾ, ಓದದೆ ಮಾಡಿದೆಯಾ?"

"ಓದಿ."

"ಹಾಗಾದ್ರೆ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

ಅವರು ಬಯ್ಯಲಿಲ್ಲ. ಪರವಾಗಿಲ್ಲ ಎಂದೂ ಹೇಳಲಿಲ್ಲ. ಎರಡರಲ್ಲಿ ಒಂದನ್ನು ಹೇಳಿದ್ದರೂ ನಾನು ಅತ್ತು ಹಗುರಾಗುತ್ತಿದ್ದೆ. ಹೊದಿಕೆಯಿಂದ ಕೈ ಹೊರಗೆ ತೆಗೆದು, "ನೀರು ಕೊಡು," ಎಂದರು. ಕೊಟ್ಟೆ. ಎರಡು ಗುಟುಕು ಕುಡಿದು ಮತ್ತೆ ಗೋಡೆ ಕಡೆ ತಿರುಗಿದರು. ನಾನು ಟಿವಿ ಆರಿಸಿ, ಸಂಜೆಯವರೆಗೆ ಕೂತಿದ್ದು ಬಂದೆ. ಸ್ಕೋಕಿಗೆ ಫೋನ್ ಮಾಡಿ ಹಾಸಿಗೆ ಬೇರೆಯವರಿಗೆ ಕೊಡಿ ಎಂದೆ.

ಒಂಬತ್ತನೆಯ ದಿನ ಅವರು ಹೋದರು.

ಗಂಡನ ಪಕ್ಕದಲ್ಲಿ ಜಾಗ ಮೊದಲೇ ಇತ್ತು. ಕರಗುತ್ತಿರುವ ಹಿಮ, ಬೂಟು ಹೂತುಹೋಗುವ ಕೆಸರು. ಅವರಲ್ಲಿ ಸತ್ತವರಿಗಾಗಿ ಹೇಳುವ ಪ್ರಾರ್ಥನೆಗೆ ಹತ್ತು ಜನ ಯಹೂದಿ ಗಂಡಸರು ಬೇಕು. ಬಂದಿದ್ದವರು ಏಳು. ತಂಗಿಯ ಮಗನಿಗೆ ಡಯಾಲಿಸಿಸ್ ತಪ್ಪಿಸಿ ಬರಲಾಗಲಿಲ್ಲ. ಮೋಹನ ನನ್ನ ಜೊತೆ ಬಂದಿದ್ದ, ಅವನು ಲೆಕ್ಕಕ್ಕೆ ಬರುವಂತಿರಲಿಲ್ಲ. ಮೋಶೆ ಫೋನ್ ಹಿಡಿದು ಅತ್ತಿಂದಿತ್ತ ಓಡಾಡಿದ. ಮುಕ್ಕಾಲು ಗಂಟೆ ಎಲ್ಲರೂ ಕಾರುಗಳಲ್ಲಿ ಕೂತು ಕಾದೆವು. ಕೊನೆಗೆ ಸ್ಮಶಾನದ ಇನ್ನೊಂದು ಬದಿಯಲ್ಲಿ ಬೇರೊಬ್ಬರ ಶವಸಂಸ್ಕಾರ ಮುಗಿಸಿ ಹೊರಟಿದ್ದವರಲ್ಲಿ ಮೂವರನ್ನು ಮೋಶೆ ಕೈ ಹಿಡಿದು ಕರೆತಂದ. ಅವರಿಗೆ ಇವರ ಹೆಸರೂ ಗೊತ್ತಿರಲಿಲ್ಲ. ನಿಂತು ಪ್ರಾರ್ಥನೆ ಹೇಳಿ, ತಲೆಬಾಗಿ, ಹೊರಟುಹೋದರು.

ಮಣ್ಣನ್ನು ಬಂದವರೇ ಹಾಕಬೇಕು. ಮೋಶೆ ಸಲಿಕೆಯನ್ನು ತಲೆಕೆಳಗು ಮಾಡಿ, ಅದರ ಬೆನ್ನಿನ ಮೇಲೆ ನಿಂತಷ್ಟೇ ಮಣ್ಣನ್ನು ಒಳಗೆ ಬಿಟ್ಟ. ಹಾಗೆ ಮೂರು ಸಲ.

"ಮೊದಲು ಹೀಗೆ ಮಾಡ್ಬೇಕು," ಎಂದು ನನಗೆ ಹೇಳಿದ. "ಈ ಕೆಲಸಕ್ಕೆ ನಮಗೆ ಅವಸರ ಇಲ್ಲ ಅಂತ." ದುಃಖ ಕೈಯಿಂದ ಕೈಗೆ ದಾಟಬಾರದೆಂದು ಸಲಿಕೆಯನ್ನು ಕೈಗೆ ಕೊಡದೆ ಮಣ್ಣಿನಲ್ಲಿ ಚುಚ್ಚಿ ನಿಲ್ಲಿಸಿದ. ನಾನು ತೆಗೆದುಕೊಂಡು ಹಾಗೆಯೇ ಮಾಡಿದೆ.

ಉಳಿದವರು ಒಬ್ಬೊಬ್ಬರಾಗಿ ಕಾರುಗಳ ಕಡೆ ನಡೆದರು. ಗುಂಡಿ ಅರ್ಧವೂ ತುಂಬಿರಲಿಲ್ಲ. ತಡೆಯಲಾಗದೆ ಹೇಳಿಬಿಟ್ಟೆ, "ಮೋಶೆ, ಆ ಫಾರಂಗೆ ನಾನು ಸೈನ್ ಮಾಡಿದೆ. ಅವರು ತಿನ್ನಲ್ಲ ಅಂತ ಗೊತ್ತಿದ್ದೂ ಮಾಡಿದೆ."

ಅವನು ನನ್ನತ್ತ ನೋಡಲಿಲ್ಲ. ಗಡ್ಡದ ಮೇಲೆ ಸಣ್ಣಗೆ ಹಿಮ ಬೀಳುತ್ತಿತ್ತು.

"ನಿನ್ನ ಹೆಸರಿನ ಕೆಳಗೆ ಇನ್ನೊಂದು ಗೆರೆ ಇತ್ತಲ್ಲ," ಎಂದ. "ಧಾರ್ಮಿಕ ನಿಯಮದ ಪ್ರಕಾರ ವ್ಯವಸ್ಥೆ ಸಾಕು ಅಂತ. ಅಲ್ಲಿ ನಾನು ಸೈನ್ ಮಾಡಿದೆ."

"ಅವರಿಗಾ?"

"ಹೋದವರೆಲ್ಲರಿಗೂ."

ಅಷ್ಟು ಹೇಳಿ ಅವನು ಸಲಿಕೆಯನ್ನು ಸರಿಯಾಗಿ ತಿರುಗಿಸಿ ಹಿಡಿದ. ಮೋಹನ ಕಾರಿನ ಬಳಿಯಿಂದ ವಾಪಸು ಬಂದು, ಕೆಲಸದವರ ಹತ್ತಿರ ಇನ್ನೊಂದು ಸಲಿಕೆ ಕೇಳಿ ತಂದ. ನೆಲ ಸಮವಾಗುವವರೆಗೆ ಮೂವರೂ ಮಣ್ಣು ಎಳೆದು ಹಾಕಿದೆವು.